ಕೊಕೊರಿನೊದಲ್ಲಿ ಹುಟ್ಟಿದವರು

ರಷ್ಯಾದ ವೊಲೊಗ್ದಾ ಸೀಮೆಯ ಆ ಬಸ್ಸಿನಲ್ಲಿ ಟಿಕೆಟ್ ತೆಗೆಯದೆ ಇಳಿದುಹೋದವರು ಇರಬಹುದು, ಗ್ಲಾಫಿರಾಳ ಬಾಯಿಂದ ತಪ್ಪಿಸಿಕೊಂಡವರಿಲ್ಲ. ಕಂಡಕ್ಟರ್ ಗ್ಲಾಫಿರಾ ಯೆರ್ಮೊಲಾಯೆವ್ನಾಗೆ ಊರಿನ ಹೆಸರು ಕೂಗಿದರೆ ಸಾಲದು. ಆ ಊರಲ್ಲಿ ಹುಟ್ಟಿ ಹೆಸರು ಮಾಡಿದವರು ಯಾರು ಎಂಬುದನ್ನೂ ಹೇಳಲೇಬೇಕು.

"ಪೊಗೊಸ್ತ್, ಪೊಗೊಸ್ತ್! ಮಾಸ್ಕೋದಲ್ಲಿ ಹಾಡಿ ಹೂವಿನ ರಾಶಿ ಗಿಟ್ಟಿಸಿದ ಗಾಯಕಿ ಹುಟ್ಟಿದ್ದು ಇಲ್ಲೇ, ಆ ನೀಲಿ ಕಿಟಕಿ ಮನೇಲಿ. ಬಾಗಿಲಿಗೆ ಅಡ್ಡ ನಿಲ್ಬೇಡಿ!"

ಮುಂದಿನ ಊರಿಗೆ ಸ್ಕೀ ಚಾಂಪಿಯನ್. ಸೇತುವೆ ದಾಟಿದರೆ ಜಾಲೆಸ್ಯೆ, ಅಲ್ಲಿಗೆ ಹಡಗಿನ ಕಪ್ತಾನ. "ಅವನಿಗೆ ದೋಣಿ ಕಂಡ್ರೇ ವಾಂತಿ ಬರ್ತಿತ್ತಂತೆ" ಎಂದು ಡ್ರೈವರ್ ರೊದಿಯೋನ್ ಒಗ್ಗರಣೆ ಹಾಕಿದರೆ, "ನೀನು ರಸ್ತೆ ನೋಡು ಮಾರಾಯ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಕೊನೆಯ ನಿಲ್ದಾಣವಾದ ಕೊಕೊರಿನೊದಲ್ಲಿ ಮಾತ್ರ ಬರೀ ಊರಿನ ಹೆಸರು ಹೇಳಿ ಸುಮ್ಮನಾಗುತ್ತಿದ್ದಳು. ಅದು ಅವಳದೇ ಹುಟ್ಟೂರು, ಆದರೆ ಅಲ್ಲಿ ಹೆಸರು ಮಾಡಿದವರು ಯಾರೂ ಇಲ್ಲವೆಂದು ಅವಳ ಎಣಿಕೆ. ಈಗ ಅಲ್ಲಿ ಉಳಿದಿದ್ದವರು ನಾಲ್ಕಾರು ಅಜ್ಜಿಯರು.

ಆ ಶರತ್ಕಾಲದಲ್ಲಿ ಜಿಲ್ಲೆಯ ಸಾರಿಗೆ ಅಧಿಕಾರಿ ವಲೇರಿ ಪಾವ್ಲೊವಿಚ್ ಬಸ್ಸು ಹತ್ತಿದ. ಕೊಕೊರಿನೊಗೆ ಹೋಗುವ ಬಸ್ಸನ್ನೇ ರದ್ದು ಮಾಡುವ ಯೋಚನೆ ಅವನದು, ಅದು ಗ್ಲಾಫಿರಾಗೂ ಗೊತ್ತಿತ್ತು. ಬಸ್ಸು ನಿಂತರೆ ಚಳಿಗಾಲದಲ್ಲಿ ಆ ಅಜ್ಜಿಯರಿಗೆ ಡಾಕ್ಟರೂ ಇಲ್ಲ, ಅಂಗಡಿಯ ರೊಟ್ಟಿಯೂ ಇಲ್ಲ.

ದಾರಿಯುದ್ದಕ್ಕೂ ಅವಳ ವರದಿ ಕೇಳಿ ನಗುತ್ತಾ ಬಂದವನು ಕೊಕೊರಿನೊದಲ್ಲಿ ಕೆಣಕಿದ. "ಯಾಕೆ ಸುಮ್ನಾದ್ರಿ, ಗ್ಲಾಫಿರಾ ಯೆರ್ಮೊಲಾಯೆವ್ನಾ? ಇಲ್ಲಿ ಯಾರೂ ಹುಟ್ಟಲೇ ಇಲ್ವಾ?"

ಗ್ಲಾಫಿರಾಳ ಮೈ ಉರಿಯಿತು. ಅವನ ಮೇಲಿಗಿಂತ ತನ್ನ ಮೇಲೇ ಹೆಚ್ಚು. ಇಷ್ಟು ವರ್ಷ ಊರಿನ ಬಗ್ಗೆ ಬಾಯಿ ಹೊಲಿದುಕೊಂಡಿದ್ದವಳು ತಾನೇ ಅಲ್ಲವೇ? ಅಷ್ಟರಲ್ಲಿ ಅಜ್ಜಿಯರು ಜೌಗಿನ ಕೆಂಪು ಹಣ್ಣಿನ ಬಕೆಟ್ ಹಿಡಿದು ಹತ್ತತೊಡಗಿದರು.

"ಹುಟ್ಟಿದ್ದಾರೆ, ಬರ್ಕೊಳ್ಳಿ!" ಎಂದಳು. "ಇವಳು ಅನ್ಫೀಸಾ. ಯುದ್ಧದ ಕಾಲದಲ್ಲಿ ಚಿಕ್ಕ ಹುಡುಗಿ, ಹಿಮಗಾಡಿ ತಾನೇ ಎಳ್ಕೊಂಡು ಸುತ್ತಲ ಹಳ್ಳಿಗೆಲ್ಲ ರೊಟ್ಟಿ ಮುಟ್ಟಿಸಿದವಳು. ಇವಳು ಮಾರ್ಫಾ. ಸೇತುವೆಯಾಚೆ ಊರಿನ ಆ ಚಾಂಪಿಯನ್ ಇದ್ದಾನಲ್ಲ, ಅವನ ಹೆರಿಗೆ ಮಾಡಿಸಿದ ಕೈ ಇದು. ಆಮೇಲೆ ನಾನು. ಆ ಹಬೆಸ್ನಾನದ ಗುಡಿಸಲಲ್ಲಿ ಹುಟ್ಟಿದೆ, ನನ್ನನ್ನೂ ಎತ್ಕೊಂಡಿದ್ದು ಇವಳೇ."

"ಹುಟ್ಟಿದ ಗಳಿಗೆಯಿಂದ ಬಾಯಿ ಮುಚ್ಚಿಲ್ಲ ಇವಳು" ಎಂದಳು ಮಾರ್ಫಾ. ಬಸ್ಸೆಲ್ಲ ನಕ್ಕಿತು.

ಹೊರಡುವ ಮುನ್ನ ರೊದಿಯೋನ್ ಎಂಜಿನ್ ನಿಲ್ಲಿಸಿದ. ಪ್ರಯಾಣಕ್ಕೆ ಮೊದಲು ಒಂದು ಗಳಿಗೆ ಸುಮ್ಮನೆ ಕೂರುವುದು ಅಲ್ಲಿನವರ ರೂಢಿ. ಅಧಿಕಾರಿಯೂ ಕೂತ, ಅಜ್ಜಿಯೊಬ್ಬಳ ಹಣ್ಣಿನ ಬಕೆಟ್ಟನ್ನು ಮಂಡಿಯ ಮೇಲೆ ಇಟ್ಟುಕೊಂಡು.

ವಾಪಸು ಬರುವಾಗ ಸೇತುವೆ ಹತ್ತಿರವಾಯಿತು. ಅವನು ಅವಳ ಪಕ್ಕಕ್ಕೆ ಬಂದು ನಿಂತ.

"ಜಾಲೆಸ್ಯೆಲಿ ಕಪ್ತಾನನ ಜೊತೆ ಇನ್ನೊಂದು ಹೆಸರು ಸೇರಿಸ್ತೀರಾ? ಲಿದಿಯಾ ಸಾವಿಚ್ನಾ. ನಮ್ಮಮ್ಮ."

"ಏನು ಮಾಡ್ತಿದ್ರು?"

"ಹಸು ಕರೀತಿದ್ರು. ನನ್ನನ್ನ ಒಬ್ರೇ ಸಾಕಿದ್ರು."

ಗ್ಲಾಫಿರಾ ಎದ್ದು ನಿಂತು, ಗಾಯಕಿಗೂ ಚಾಂಪಿಯನ್ನನಿಗೂ ಎತ್ತದಷ್ಟು ದನಿ ಎತ್ತಿದಳು. "ಜಾಲೆಸ್ಯೆ, ಜಾಲೆಸ್ಯೆ! ಲಿದಿಯಾ ಸಾವಿಚ್ನಾ ಹುಟ್ಟಿದ ಊರು! ಹಸು ಕರೆದು, ಮಗನನ್ನ ಒಬ್ಬಳೇ ಸಾಕಿದ ತಾಯಿ! ಕಪ್ತಾನನೂ ಇಲ್ಲೇ ಹುಟ್ಟಿದ್ದು."

ಅವನು ಟೋಪಿ ತೆಗೆದು ಕಿಟಕಿಯ ಕಡೆ ತಿರುಗಿದ. ಇಳಿಯುವಾಗ ಕೇಳಿದ: "ನಾಳೆನೂ ಹೇಳ್ತೀರಾ?"

"ಬಸ್ಸಿದ್ರೆ ಹೇಳ್ತೀನಿ."

"ಬಸ್ಸಿರುತ್ತೆ" ಎಂದ. "ಕೊಕೊರಿನೊವರೆಗೂ."