ಸುಂದರವ್ವ ಬಾಯಿ ತೆರೆದ ದಿನ

“ಮೊಬೈಲ್‌ನಾಗ ಕಲಿಯೂದೋ, ವಾಸ್ಕೋಕ್ಕ ಹೋಗಿ ಕಲಿಯೂದೋ, ಅದ ದೊಡ್ಡ ಚಿಂತಿ ಆಗಿತ್ತು ನೋಡ್ರಿ ನನಗ. ಹಲ್ಲಿನ ಡಾಕ್ಟರ ಕೈಕೆಳಗ ನಿಂತು ಮಾಡೂ ಕೆಲಸ ಅದು. ಅವರು ಹಲ್ಲು ಕೊರಿಯೂ ಮುಂದ ನಾವು ಸಾಮಾನ ಕೊಡಬೇಕು, ಬಾಯಾಗಿನ ನೀರು ನಳಿಗಿಲೆ ಎಳೀಬೇಕು. ಮೊಬೈಲ್ ಕ್ಲಾಸಾದರ ಮನಿ ಬಿಡೂದಿಲ್ಲ, ಕೂಸು ತೊಡಿ ಮ್ಯಾಲನ ಇರತೈತಿ. ವಾಸ್ಕೋದ ದವಾಖಾನಿಗಾದರ ದಿನಾ ಮುಂಜಾನಿ ಹೋಗಬೇಕು. ನನ್ನ ಜೀವ ಎಲ್ಲಾ ವಾಸ್ಕೋದಾಗ. ಆದರ ನಮ್ಮ ಅತ್ತಿ ಹೂಂ ಅನ್ನಬೇಕಲ್ರಿ? ಕೂಸಿನ್ನ ಹಿಡಿಯಾವ್ರು ಅವರ ಒಬ್ಬರು.”

ಗೋವಾದ ವಾಸ್ಕೋ ಪಕ್ಕದ ಸಡಾ ಗುಡ್ಡದ ದ್ರಾಕ್ಷಾಯಿಣಿ ಈಗ ಇದನ್ನು ನಗುತ್ತ ಹೇಳುತ್ತಾಳೆ. ಆಗ ನಗು ಇರಲಿಲ್ಲ. ಬಂದರಿನಲ್ಲಿ ದುಡಿಯುವ ಗಂಡ ಯಮನೂರ “ಅವ್ವನ್ನ ಕೇಳು” ಎಂದು ಚಪ್ಪಲಿ ಮೆಟ್ಟಿ ಹೊರಟುಬಿಟ್ಟಿದ್ದ. ಅತ್ತೆ ಸುಂದರವ್ವನದು ಒಂದೇ ಮಾತು.

“ಮಂದಿ ಎಂಜಲದಾಗ ಕೈ ಹಾಕಿ ಬಂದು, ಅದ ಕೈಲೆ ನನಗ ರೊಟ್ಟಿ ಬಡೀತಿ ಏನ? ಮೊಬೈಲ್‌ನಾಗ ಕಲಿ. ಅದಕ್ಕ ಬಾಯಿಲ್ಲ, ಎಂಜಲಿಲ್ಲ.”

ಕಲಿತ ಮೇಲೆ ಮಾಡುವ ಕೆಲಸ ಅದೇ ಅಲ್ಲವೇ ಎಂದು ಕೇಳಲು ದ್ರಾಕ್ಷಾಯಿಣಿಗೆ ನಾಲಿಗೆ ಏಳಲಿಲ್ಲ. ಮೊದಲ ಕೆಲವು ಪಾಠ ಪುಕ್ಕಟೆ ಎಂದಿದ್ದ ಕ್ಲಾಸೊಂದನ್ನು ಮೊಬೈಲಿನಲ್ಲಿ ತೆರೆದಳು. ಹಲ್ಲಿನ ಹೆಸರು ಬಾಯಿಪಾಠ ಮಾಡಿದಳು. ಅಷ್ಟರಲ್ಲಿ ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಪಾಠ ಹೇಳುವ ಹೆಂಗಸು, ಮನೆಯವರೊಬ್ಬರನ್ನು ಕೂರಿಸಿಕೊಂಡು ಚಮಚದ ಹಿಡಿಯಿಂದ ನಾಲಿಗೆ ಒತ್ತಿ ಬಾಯೊಳಗೆ ನೋಡಿರಿ ಎಂದಳು.

ಮನೆಯಲ್ಲಿ ಇದ್ದವರು ಸುಂದರವ್ವ, ಮಲಗಿದ ಕೂಸು. ಸುಂದರವ್ವನಿಗೋ ಸುಟ್ಟ ತಂಬಾಕಿನ ಮಶೇರಿ ತಿಕ್ಕಿ ತಿಕ್ಕಿ ಹಲ್ಲೆಲ್ಲ ಕಪ್ಪು. ನಗುವಾಗಲೂ ಸೆರಗು ಬಾಯಿಗೆ ಬರುತ್ತಿತ್ತು. ಸೊಸೆಯಾಗಿ ಬಂದ ದಿನದಿಂದ ದ್ರಾಕ್ಷಾಯಿಣಿ ಅತ್ತೆಯ ಹಲ್ಲನ್ನು ಸರಿಯಾಗಿ ಕಂಡವಳೇ ಅಲ್ಲ.

“ಅತ್ತಿ, ಒಂದೀಟು ಬಾಯಿ ತಗೀರಿ.”

“ನನ್ನ ಬಾಯಾಗ ಏನೈತಿ, ಬಂಗಾರದ ಗಣಿ ಐತೇನು?” ಎಂದರೂ ಮುದುಕಿ ಸೆರಗು ಸರಿಸಿ, ಕಣ್ಣು ಮುಚ್ಚಿ, ಬಾಯಿ ತೆರೆದಳು.

ಸೊಸೆ ಮೊಬೈಲಿನತ್ತ ನೋಡುತ್ತಲೇ ಕೈ ಮುಂದೆ ಮಾಡಿದಳು. ಚಮಚದ ಹಿಡಿ ನಾಲಿಗೆಯ ಬುಡಕ್ಕೇ ಹೋಯಿತು. ಸುಂದರವ್ವ ವ್ಯಾ ಎಂದು ಓಕರಿಸಿ ಮುಂದಕ್ಕೆ ಬಾಗಿದಳು. ಕಣ್ಣಲ್ಲಿ ನೀರು. ಅದೇ ಹೊತ್ತಿಗೆ ಮೊಬೈಲು ಚಪ್ಪಾಳೆ ಬಡಿದು, “ಶಾಬಾಶ್! ಭಾಳ ಛಂದ ಮಾಡಿದ್ರಿ!” ಎಂದಿತು.

“ಶಾಬಾಶ್ ಅಂತ ಆಕಿ! ಇಲ್ಲೆ ನಾ ಸಾಯಾಕತ್ತೇನಿ!”

ಕೂಸು ಎದ್ದು ಅಳತೊಡಗಿತು. ಸುಂದರವ್ವ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದಳು. ಮುಗೀತು, ಇನ್ನು ಮೊಬೈಲೂ ಇಲ್ಲ, ವಾಸ್ಕೋನೂ ಇಲ್ಲ ಎಂದುಕೊಂಡು ದ್ರಾಕ್ಷಾಯಿಣಿ ಕೂಸನ್ನು ಎದೆಗೆ ಒತ್ತಿ ನಿಂತಳು. ಮುದುಕಿ ಮುಖ ಒರೆಸಿಕೊಳ್ಳುತ್ತ ಬಂದು ಹೊಸ್ತಿಲ ಮೇಲೆ ಕೂತಳು.

“ನಿನ್ನ ಕೈ ತಪ್ಪಿದ್ದು ಆಕಿಗೆ ಕಾಣಲೇ ಇಲ್ಲ ನೋಡು,” ಎಂದಳು. “ನಮ್ಮವ್ವ ನನಗ ರೊಟ್ಟಿ ಬಡಿಯಾಕ ಕಲಿಸಬೇಕಾದರ ನನ್ನ ಕೈ ಮ್ಯಾಲ ಕೈ ಇಟ್ಟು ಬಡದಿದ್ಲು. ತಪ್ಪಿದರ ಹಂಗ ಒಂದು ಏಟು. ನೀ ವಾಸ್ಕೋಕ್ಕ ಹೋಗು. ಕೂಸಿನ್ನ ನಾ ನೋಡಕೋತೀನಿ.”

“ಮತ್ತ ಎಂಜಲಾ, ಅತ್ತಿ?”

“ನಂದು ಆಗಲೇ ಮುಟ್ಟೀಯಲ್ಲ? ಸಬಕಾರ ಹಚ್ಚಿ ತೊಳಕೋ. ಅಲ್ಲೆ ಬಾಯಿ ತೋರಸಾಕ ಬರಾವ್ರೂ ನಮ್ಮಂಥಾ ಮಂದೀನ.”

ದ್ರಾಕ್ಷಾಯಿಣಿಗೆ ಅಳು ಬಂತೋ ನಗು ಬಂತೋ, ಎರಡೂ ಕೂಡಿಯೇ ಬಂದವು.

ವಾಸ್ಕೋದ ದವಾಖಾನೆಯಲ್ಲಿ ಮೊದಲ ವಾರ ನಳಿಗೆ ಹಿಡಿದಾಗಲೂ ಕೈ ನಾಲಿಗೆಯ ಬುಡದತ್ತಲೇ ಹೋಯಿತು. ಅಲ್ಲಿ ಹಳಬಳಾದ ಕಾರವಾರದ ತುಂಗಾ ಹಿಂದಿನಿಂದ ಬಂದು ಅವಳ ಮಣಿಕಟ್ಟು ಹಿಡಿದು ಬದಿಗೆ ತಿರುಗಿಸಿದಳು. “ಗಡಬಡ ಬೇಡ ಮಾರಾಯ್ತಿ. ನಾಲಿಗೆ ಮೇಲಲ್ಲ, ಕೆನ್ನೆ ಕಡೆ.” ಕುರ್ಚಿಯಲ್ಲಿ ಒರಗಿದ್ದವನು ಕೆಮ್ಮಲೂ ಇಲ್ಲ. ಮತ್ತೆ ಬಾಯಲ್ಲಿ ನೀರು ತುಂಬಿದಾಗ ದ್ರಾಕ್ಷಾಯಿಣಿ ತಾನೇ ನಳಿಗೆಯನ್ನು ಕೆನ್ನೆ ಕಡೆ ಹಿಡಿದಳು.

ಅಂದು ಸಂಜೆ ಬಸ್ಸಿಳಿದು ಏರಿ ಹತ್ತಿ ಬಂದವಳನ್ನು ಸುಂದರವ್ವ ಬಾಗಿಲಲ್ಲೇ ತಡೆದಳು. “ಯಾರ ಕೊಳ್ಳಾಗರ ಚಮಚಾ ಹಾಕಿದೇನ?”

“ಇಲ್ರಿ ಅತ್ತಿ. ಚಲೋ ಆತು.”

ಮುದುಕಿ ಹಲ್ಲು ಕಾಣುವಂತೆ ನಕ್ಕಳು. ಸೆರಗು ಹೆಗಲ ಮೇಲೇ ಇತ್ತು. ದ್ರಾಕ್ಷಾಯಿಣಿ ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದುಕೊಂಡು, ಪರಾತದಲ್ಲಿ ಜೋಳದ ಹಿಟ್ಟು ಸುರುವಿ, ಬಿಸಿನೀರು ಹೊಯ್ದು ನಾದತೊಡಗಿದಳು.