ಮೆಂಬರ್ ಸಾಹೇಬರ ಬಾಯಿಮಾತು

ಕಮಲಾಪುರದ ಜನ ಅವರನ್ನು ಮೆಂಬರ್ ಸಾಹೇಬರು ಎನ್ನುತ್ತಿದ್ದರು. ಆದರೆ ಹೈದರಾಬಾದಿನ ಕಾನೂನು ಸಭೆಗೆ ಅವರನ್ನು ಕಳಿಸಿದ್ದು ಈ ಜನ ಅಲ್ಲ. ವಕೀಲರು ತಮ್ಮೊಳಗೇ ಒಬ್ಬರನ್ನು ಆರಿಸಿ ಕಳಿಸುವುದು ನಿಜಾಮ ಸರಕಾರದ ಕಾಯಿದೆ. ನಾನಾಗ ಕಲಬುರ್ಗಿಯ ಸ್ಟೇಶನ್ ಬಜಾರದ ಅವರ ಕಚೇರಿಯಲ್ಲಿ ಅರ್ಜಿ ಬರೆಯುವುದನ್ನು ಕಲಿಯುತ್ತಿದ್ದೆ. ಅವರು ಹೇಗೆ ಗೆದ್ದರೆಂದು ಕಣ್ಣಾರೆ ನೋಡಿದ್ದೇನೆ. ಎದುರು ನಿಂತವರಿಗೆ ಅಭಿಪ್ರಾಯಗಳಿದ್ದವು, ಇವರಿಗೆ ಇರಲಿಲ್ಲ. ಅಷ್ಟೇ.

ಕಮಲಾಪುರದ ಕುಲಕರ್ಣಿಯ ಮಗ ಅವರು. ಊರಿಗೆ ಬಂದ ಪ್ರತಿ ತಹಸೀಲ್ದಾರನ ಗಾಡಿಗೆ ಕೆಂಪು ಬಾಳೆಯ ಗೊನೆ ಹೇರಿಸುವ ವಿದ್ಯೆ ತಂದೆಯಿಂದ ಬಂದದ್ದು. ಹೈದರಾಬಾದಿನಲ್ಲೂ ಅದೇ ನಡೆಯಿತು. ಸಭೆಯಲ್ಲಿ ಒಮ್ಮೆಯೂ ಮಾತಾಡಲಿಲ್ಲ. ಇದು ನನ್ನ ಚಾಡಿಯಲ್ಲ, ಅವರೇ ಹೆಮ್ಮೆಯಿಂದ ಹೇಳಿದ್ದು.

"ದೊಡ್ಡವರ ಮುಂದ ಸುಮ್ನ ಕೂಡೂದೂ ಒಂದು ಅದಬ್, ಒಂದು ಮರ್ಯಾದಿ ಅದ, ತಮ್ಮಾ."

"ಹಂಗಿದ್ರ ಬರೀ ಕುರ್ಚಿ ಇಟ್ಟಿದ್ರೂ ನಡೀತಿತ್ತಲ್ರೀ ಸಾಹೇಬ್ರ?"

"ನಿನ್ನ ಸಾಲಿ ವಾದ-ಬೆಹಸು ಸಾಲಿಯೊಳಗ ಇಟ್ಕೊ."

ಕಮಲಾಪುರದಲ್ಲಿ ನನ್ನ ಅಣ್ಣ ಹೊಸದಾಗಿ ಒಂದು ಕನ್ನಡ ಸಾಲೆ ತೆಗೆಯಬೇಕೆಂದಿದ್ದ. ಸರಕಾರಿ ಸಾಲೆಯಲ್ಲಿ ಪಾಠವೆಲ್ಲ ಉರ್ದು. ಖಾಸಗಿ ಸಾಲೆಗೆ ಸರಕಾರದ ಇಜಾಜತ್, ಅಂದರೆ ಪರವಾನಗಿ, ಬೇಕು. ಅಣ್ಣ ಹಾಕಿದ ಅರ್ಜಿಗೆ ಜವಾಬೇ ಇರಲಿಲ್ಲ. ಆಗ ಮೆಂಬರ್ ಸಾಹೇಬರು ಊರಿಗೆ ಬಂದರು. ಹಾರ ಬಿದ್ದವು. ಒಬ್ಬ ಮುದುಕ ಎದ್ದು ಕೇಳಿದ: "ನಮ್ಮ ಕನ್ನಡ ಸಾಲಿದು ಏನಾತ್ರೀ?"

ಹಾರದೊಳಗಿಂದ ಉತ್ತರ ಬಂತು: "ಏ, ಸುರು ಮಾಡ್ರಿ! ನಾ ಅದೀನಲ್ಲ!"

ನಮ್ಮ ಕಡೆ ದೊಡ್ಡವರ ಬಾಯಿಮಾತೇ ಹುಕುಂ. ಗೌಡ ಹೂಂ ಅಂದರೆ ಬಾವಿ ತೋಡುತ್ತಾರೆ, ಗೋಡೆ ಕೆಡವುತ್ತಾರೆ. ಕಾಯಿದೆ ಮಾಡುವ ಸಭೆಯಲ್ಲೇ ಕೂಡುವ ಮನುಷ್ಯ ಹೇಳಿದ ಮೇಲೆ ಇನ್ನೇನು ಬೇಕು? ನಾನು ಅಣ್ಣನಿಗೆ ಹೇಳಿದೆ: "ಕಾಗದ ಕೈಗೆ ಬರೂತನ ಬಾಗಿಲಾ ತೆಗೀಬ್ಯಾಡ."

"ನಿನಗ ದೇವರು ಬಂದು ಹೇಳಿದ್ರೂ ಸಾಕ್ಷಿ ಬೇಕಲೇ," ಎಂದು ನಕ್ಕ.

ಧಾನ್ಯದ ಅಡತಿ ಅಂಗಡಿಯವರೊಬ್ಬರ ಪಡಸಾಲೆಯಲ್ಲಿ ಪಾಠ ಸುರುವಾಯಿತು. ವಾರ ತುಂಬುವುದರೊಳಗೆ ಪೊಲೀಸ್ ಅಮೀನ ಬಂದು ಬೀಗ ಹಾಕಿ, ಅಣ್ಣನನ್ನು ಚಾವಡಿಯಲ್ಲಿ ಕೂಡಿಸಿದ. ಯಾರು ಇಜಾಜತ್ ಕೊಟ್ಟರೆಂದು ತೋರಿಸಬೇಕು, ಇಲ್ಲವೆ ಇನ್ನು ಪಾಠ ಹೇಳುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಡಬೇಕು.

ನಾನು ಕಲಬುರ್ಗಿಗೆ ಓಡಿದೆ. ಸಾಹೇಬರು ಕನ್ನಡಿಯ ಮುಂದೆ ಶೇರವಾನಿಯ ಗುಂಡಿ ಹಾಕಿಕೊಳ್ಳುತ್ತಿದ್ದರು.

"ನೀವು ಹೇಳಿದ್ದಕ್ಕ ತೆಗದಾರ ಅಂತ ಅಮೀನರಿಗೆ ಒಂದು ಮಾತು ಹೇಳಿ ಕಳಸ್ರಿ."

"ನಾ ಹೇಳಿದ್ದು ಆಶೀರ್ವಾದ. ಇಜಾಜತ್ ಕೊಡಾಕ ನಾ ಯಾರು? ನಾ ಬರೀ ಮೆಂಬರು."

"ಹಾರ ಹಾಕಿಸ್ಕೊಳ್ಳೂವಾಗ 'ಬರೀ' ಅನ್ನೂದು ಯಾಕ ನೆನಪಾಗ್ಲಿಲ್ರೀ?"

ಅವರು ನನ್ನತ್ತ ತಿರುಗಲಿಲ್ಲ. ಮುನ್ಶಿಗೆ ಹೇಳಿದರು: "ಇವಂಗ ಚಾ ಕುಡಿಸಿ ಕಳಸ್ರಿ."

ಕೋಪವೂ ಬರಲಿಲ್ಲ ಆ ಮನುಷ್ಯನಿಗೆ. ಕೋಪ ಬರಲು ಯಾವುದಾದರೂ ಒಂದು ಪಕ್ಷದಲ್ಲಿ ನಿಂತಿರಬೇಕು. ಚಹಾ ಮುಟ್ಟದೆ ಬಂದೆ. ಆ ಕಚೇರಿಗೆ ಮತ್ತೆ ಹೋಗಲಿಲ್ಲ. ಮುಂದೆ ವಕೀಲರು ಎರಡನೇ ಸಲವೂ ಅವರನ್ನೇ ಆರಿಸಿದರು.

ಕಮಲಾಪುರದ ಚಾವಡಿಗೆ ಮರಳಿದೆ. ಮುಚ್ಚಳಿಕೆ ಉರ್ದುವಿನಲ್ಲಿತ್ತು. ಅಣ್ಣನಿಗೆ ಓದಲು ಬಾರದು, ನಾನೇ ಓದಿ ಹೇಳಿದೆ: ಇನ್ನು ಮುಂದೆ ಯಾರ ಮಕ್ಕಳಿಗೂ ಅಕ್ಷರ ಹೇಳಿಕೊಡುವುದಿಲ್ಲ.

"ನನ್ನ ಹೆಣ್ಣುಮಕ್ಕಳಿಗೂ?" ಎಂದ ಅಣ್ಣ.

ಅಮೀನ ಬೀದಿಯ ಕಡೆ ಮುಖ ಮಾಡಿದ. "ನಿಮ್ಮ ಮನೀ ಒಳಗ ಏನ್ ಹೇಳ್ತೀರಿ, ನನಗ ಕೇಳ್ಸಲ್ಲ, ಮಾಸ್ತರ್."

ಅಣ್ಣ ಸಹಿ ಮಾಡಿದ. ಅವನ ಮಕ್ಕಳಿಬ್ಬರೂ ಬಾಗಿಲು ಹಾಕಿಕೊಂಡು ಕನ್ನಡ ಕಲಿತರು. ಉಳಿದವರ ಮಕ್ಕಳು ದನದ ಹಿಂದೆ ಹೋದರು.