ಶಿವಲಿಂಗಯ್ಯನವರ ಎರಡು ಬೀಗದ ಕೈ

ಕಿರಂಗೂರಿನ ಶಿವಲಿಂಗಯ್ಯನವರು ಹಾಲಿನ ಡೇರಿಯ ಸೆಕ್ರೆಟರಿಯಾಗಿ ನಿವೃತ್ತರಾದವರು. ಊರವರ ಜಗಳವನ್ನೆಲ್ಲ ಮಾತಿನಲ್ಲೇ ಬಗೆಹರಿಸಿದ ಮನುಷ್ಯ, ತನ್ನ ಕತ್ತಿನಲ್ಲಿ ಗಂಟು ಎದ್ದಾಗ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ತಿಳಿದರೆ ಹೆಂಡತಿ ಮಂಗಳಮ್ಮ ಅನ್ನ ನೀರು ಬಿಟ್ಟಾರು ಎಂಬ ಭಯ. ಅಕ್ಕನ ಮಗ ರಘುನಂದನ್ ಮೈಸೂರಿನ ಲ್ಯಾಬೊಂದರಲ್ಲಿ ಡಾಕ್ಟರು. ಗುಟ್ಟಾಗಿ ಹೋಗಿ ಅವನಲ್ಲಿ ಗಂಟಿನ ಸ್ಯಾಂಪಲ್ಲನ್ನು ಪರೀಕ್ಷೆಗೆ ಕೊಟ್ಟು ಬಂದರು. ಕ್ಯಾನ್ಸರೋ ಅಲ್ಲವೋ, ರಿಪೋರ್ಟು ಹೇಳಬೇಕಿತ್ತು.

ಅದು ಬರುವುದು ಹೇಗೆ? ಶಿವಲಿಂಗಯ್ಯನವರ ಕಿವಿ ಮಂದ, ಫೋನಿಗೆ ಸ್ಪೀಕರ್ ಹಾಕಿದರೆ ಬೀದಿಗೆಲ್ಲ ಕೇಳುತ್ತದೆ. ಮನೆಗಿರುವುದು ಒಂದೇ ಈಮೇಲ್, ಅದನ್ನು ಮಂಗಳಮ್ಮನೂ ಮೊಬೈಲಿನಲ್ಲಿ ನೋಡುತ್ತಾರೆ. ರಘುನಂದನ್ ತಾಳ್ಮೆಯಿಂದ ವಿವರಿಸಿದ್ದ. ಮಾಮೂಲಿ ಈಮೇಲಿಗೆ ಟಿಎಲ್‌ಎಸ್ ಎಂಬ ಕಾವಲಿದೆ, ಆದರೆ ದಾರಿಯಲ್ಲಿ ಮಾತ್ರ. ಮನೆ ಸೇರಿದ ಮೇಲೆ ಯಾರು ಬೇಕಾದರೂ ಓದಬಹುದು. ಎಸ್‌ಮೈಮ್ ಎಂಬ ಇನ್ನೊಂದು ವಿಧಾನ ಕಾಗದಕ್ಕೇ ಬೀಗ ಹಾಕುತ್ತದೆ, ಆದರೆ ನೀವು ನೀವೇ ಎಂದು ಒಂದು ಸಂಸ್ಥೆ ಸರ್ಟಿಫಿಕೇಟ್ ಕೊಡಬೇಕು. ಪಿಜಿಪಿ ಎಂಬ ಮೂರನೆಯದರಲ್ಲೂ ಬೀಗವೇ, ಅದರ ಜೋಡಿ ಕೀಗಳನ್ನು ನಾವೇ ಮಾಡಿಕೊಳ್ಳಬಹುದು. ಸರ್ಟಿಫಿಕೇಟ್ ಎಂದ ಕೂಡಲೇ ಶಿವಲಿಂಗಯ್ಯನವರಿಗೆ ತಾಲ್ಲೂಕು ಕಚೇರಿ ಕಣ್ಣಿಗೆ ಕಟ್ಟಿತು, ಅದು ಬೇಡವೆಂದರು. ಉಳಿದದ್ದೆಲ್ಲ ಕಲಸುಮೇಲೋಗರ. ಎರಡು ಕೀ ಎಂಬುದೊಂದು ಮಾತ್ರ ತಲೆಗೆ ಹತ್ತಿತು.

ಹತ್ತದೆ ಏನು? ಊರಮ್ಮನ ಒಡವೆ ಪೆಟ್ಟಿಗೆಗೆ ಎರಡು ಬೀಗ. ಒಂದರ ಕೈ ಪೂಜಾರಿ ಬೋರಯ್ಯನ ಮನೆಯಲ್ಲಿ, ಇನ್ನೊಂದರದು ಇವರ ಮನೆಯಲ್ಲಿ. ಎರಡೂ ಒಂದೇ ಕಡೆ ಇರಕೂಡದು, ಇಬ್ಬರೂ ಸೇರದೆ ಪೆಟ್ಟಿಗೆ ತೆರೆಯದು. ಪಿಜಿಪಿಯೂ ಹಾಗೇ ಎಂದುಕೊಂಡರು. ಜೋಡಿ ಕೀ ಮಾಡಿಕೊಂಡು, ಪಬ್ಲಿಕ್ ಕೀ ಎಂಬ ಒಂದನ್ನು ಬೀಗ ಹಾಕಲು ರಘುನಂದನ್‌ಗೆ ಕಳಿಸಿ, ಅದರ ಪ್ರತಿಯನ್ನು ತಾವಿಟ್ಟುಕೊಂಡರು. ಪ್ರೈವೇಟ್ ಕೀ ಎಂಬ ಇನ್ನೊಂದನ್ನು ಪೆನ್‌ಡ್ರೈವಿಗೆ ಹಾಕಿ, ಕಂಪ್ಯೂಟರಿನಿಂದ ಅಳಿಸಿ, ಲೋಕದಲ್ಲಿ ತಾವು ಅತಿ ಹೆಚ್ಚು ನಂಬಿದವರ ಕೈಗೆ ಕೊಟ್ಟರು. ಅಂದರೆ ಮಂಗಳಮ್ಮನಿಗೆ! ಡೇರಿಯ ಹಳೇ ಫೋಟೋ, ಬೀರುವಿನಲ್ಲಿಡು ಎಂದರಂತೆ ಪುಣ್ಯಾತ್ಮ.

ಮೇಲ್ ಬಂತು. ನೋಡಿದರೆ ತಲೆಬುಡವಿಲ್ಲದ ಅಕ್ಷರಗಳ ರಾಶಿ. ತಮ್ಮಲ್ಲಿದ್ದ ಕೀ ಹಾಕಿದರು, ತೆರೆಯಲಿಲ್ಲ. ಮತ್ತೆ ಹಾಕಿದರು. ಬೀಗ ಹಾಕಿದ ಕೀಯೇ ಬೀಗ ತೆಗೆಯದಿದ್ದರೆ ಅದು ಯಾವ ಸೀಮೆ ನ್ಯಾಯ ಎಂದು ರಘುನಂದನ್‌ಗೆ ಫೋನ್ ಮಾಡಿದರು. ಅಭ್ಯಾಸಬಲದಿಂದ ಸ್ಪೀಕರನ್ನೂ ಒತ್ತಿದರು.

“ಮಾವ, ಅದು ಬೀಗ ಹಾಕಕ್ಕಷ್ಟೇಯ. ತಗಿಯಕ್ಕೆ ಇನ್ನೊಂದೇ ಬೇಕು. ಅದು ಯಾರತ್ರ ಐತೋ ಅವ್ರೇ ರಿಪೋರ್ಟು ಓದಕ್ಕಾಗೋದು.”

ಅಡುಗೆಮನೆಯಿಂದ ಮಂಗಳಮ್ಮ ಬಂದರು. ಯಾವ ರಿಪೋರ್ಟು ಎಂದು ಕೇಳಲಿಲ್ಲ. ಗಂಡನ ಕತ್ತಿನ ಮೇಲೆ, ಸರಿಯಾಗಿ ಗಂಟಿನ ಮೇಲೆಯೇ, ಕೈಯಿಟ್ಟರು.

“ದೀಪಾವಳೀಲಿ ಎಣ್ಣೆ ಅಚ್ಚುವಾಗ್ಲೇ ಕೈಗೆ ಸಿಕ್ತು. ಕೇಳುದ್ರೆ ನೀವು ಎದ್ರುಕೋತೀರಿ ಅಂತ ಸುಮ್ಗಿದ್ದೆ.”

ಪೆನ್‌ಡ್ರೈವ್ ಬಂತು, ಕಾಗದ ತೆರೆಯಿತು. ಕ್ಯಾನ್ಸರ್ ಅಲ್ಲವೆಂದು ಮೊದಲ ಸಾಲಿನಲ್ಲೇ ಇತ್ತು. ಶಿವಲಿಂಗಯ್ಯನವರು ಅದನ್ನು ಗಟ್ಟಿಯಾಗಿ ಓದಿ ಹೇಳಿದರು. ಹಬ್ಬದಿಂದ ಈವರೆಗೆ ಒಂದು ಹನಿ ಕಣ್ಣೀರು ತೋರಿಸದ ಮಂಗಳಮ್ಮ ಅಲ್ಲೇ ನೆಲದ ಮೇಲೆ ಕುಳಿತು ಗೊಳೋ ಎಂದು ಅತ್ತರು.